ಗುಜರಿ ಗರ್ಡರ್, ಅಗ್ನಿಶಾಮಕ ಪೈಪು: ಹುಬ್ಬಳ್ಳಿಯಲ್ಲೇ ಸ್ಕೀ ಒತ್ತುವ ಬಗೆ

ಹಿಮದ ಮೇಲೆ ಜಾರುವ ಸ್ಕೀ ಒಂಟಿ ಹಲಗೆಯಲ್ಲ, ಪದರಗಳ ಕಟ್ಟು. ಅಡಿಯಲ್ಲಿ ನುಣುಪು ಪ್ಲಾಸ್ಟಿಕ್ ಹಾಳೆ, ಅದರ ಎರಡೂ ಬದಿಗೆ ಉಕ್ಕಿನ ಅಂಚು, ಮೇಲೆ ಗಾಜಿನ ನಾರಿನ ಬಟ್ಟೆ, ಮರದ ತಿರುಳು, ಮತ್ತೆ ನಾರು, ಕೊನೆಗೆ ಹೊದಿಕೆ. ಎಪಾಕ್ಸಿ ಅಂಟು ಗಟ್ಟಿಯಾಗುವವರೆಗೆ ಇವೆಲ್ಲ ತುದಿಯಿಂದ ತುದಿಗೆ ಒಂದೇ ಸಮನಾಗಿ ಒತ್ತಿಕೊಂಡಿರಬೇಕು.

ಅಕ್ಕನ ಮಗ ಉತ್ತರಾಖಂಡದ ಔಲಿಗೆ ಸ್ಕೀಯಿಂಗ್ ಕಲಿಯಲು ಹೊರಟಾಗ ನಾನು ಮೊದಲ ಜೋಡಿಯನ್ನು ನಾಲ್ಕು ಲಾರಿ ಜಾಕ್‌ಗಳಿಂದ ಒತ್ತಿದೆ. ಜಾಕ್ ಕುಳಿತಲ್ಲಿ ಅಂಟೆಲ್ಲ ಹಿಂಡಿಹೋಗಿತ್ತು, ನಡುನಡುವೆ ತಟ್ಟಿದರೆ ಟೊಳ್ಳು ಸದ್ದು. ಗಾಳಿ ತುಂಬಿದ ಪೈಪಿಗೆ ಈ ಪಕ್ಷಪಾತವಿಲ್ಲ. ಅಚ್ಚು ಹೇಗೆ ಬಾಗಿದರೂ ಅದು ಎಲ್ಲ ಕಡೆ ಒಂದೇ ಬಲದಿಂದ ಒತ್ತುತ್ತದೆ.

ಅಗ್ನಿಶಾಮಕ ದಳ ಬಳಸುವ 63 ಮಿ.ಮೀ. ಕ್ಯಾನ್ವಾಸ್ ಪೈಪನ್ನು ಚಪ್ಪಟೆ ಮಾಡಿದರೆ ಸುಮಾರು 10 ಸೆಂ.ಮೀ. ಅಗಲವಾಗುತ್ತದೆ. ಉಬ್ಬಿದಾಗ ತಾಗುವ ಅಗಲ ಕಡಿಮೆಯಾಗುವುದರಿಂದ ಎರಡು ಪೈಪು ಅಕ್ಕಪಕ್ಕ ಬೇಕು. ತುದಿಗಳನ್ನು ಮಡಚಿ, ದಪ್ಪ ಕಬ್ಬಿಣದ ಪಟ್ಟಿಗಳ ನಡುವೆ ಬೋಲ್ಟ್ ಹಾಕಿ ಬಿಗಿಯಿರಿ. ಚೌಕಟ್ಟಿಗೆ ಗುಜರಿಯಲ್ಲಿ ಸಿಗುವ 150 ಮಿ.ಮೀ. ಐ-ಗರ್ಡರ್ ಸಾಕು: ಕೆಳಗೆರಡು, ಮೇಲೆರಡು, ನಡುವೆ ಅಚ್ಚು ಮತ್ತು ಪೈಪು. ಪ್ರತಿ 30 ಸೆಂ.ಮೀ.ಗೆ ಅಡ್ಡ ಚಾನೆಲ್, ಅದರ ಎರಡೂ ಬದಿಗೆ 20 ಮಿ.ಮೀ. ಬೋಲ್ಟ್. ಇಲ್ಲಿ ಜಿಪುಣತನ ಬೇಡ. ಚದರ ಸೆಂಟಿಮೀಟರಿಗೆ 3 ಕೆ.ಜಿ. ಒತ್ತಡವಿದ್ದರೂ ಎರಡು ಪೈಪುಗಳ ಬಲ ಸೇರಿ ಚೌಕಟ್ಟಿನ ಮೇಲೆ ಸುಮಾರು 8 ಟನ್ ಬೀಳುತ್ತದೆ.

ಮೊದಲ ಪರೀಕ್ಷೆಯನ್ನು ಗಾಳಿಯಿಂದ ಖಂಡಿತ ಮಾಡಬೇಡಿ. ಪೈಪಿನ ತುದಿಯ ಪಟ್ಟಿ ಸಡಿಲವಾದರೆ ಒತ್ತಿದ ಗಾಳಿ ಅದನ್ನು ಗುಂಡಿನಂತೆ ಎಸೆಯುತ್ತದೆ, ನೀರಾದರೆ ಚಿಮ್ಮಿ ನಿಲ್ಲುತ್ತದೆ. ಗೋಕುಲ ರಸ್ತೆಯ ವರ್ಕ್‌ಶಾಪ್‌ಗಳಲ್ಲಿ ವಾಲ್ವ್ ಪರೀಕ್ಷಿಸಲು ಬಳಸುವಂಥ ಕೈಪಂಪು ತನ್ನಿ. ಗಾಳಿಗುಳ್ಳೆ ಉಳಿಯದಂತೆ ನೀರು ತುಂಬಿಸಿ, 4.5 ಕೆ.ಜಿ.ಗೆ ಏರಿಸಿ, ಅರ್ಧ ಗಂಟೆ ಬಿಡಿ. ಒತ್ತಡ ಮಾಪಕದ ಮುಳ್ಳು ಇಳಿಯದಿದ್ದರೆ ಮಾತ್ರ ಕಂಪ್ರೆಸರ್ ಜೋಡಿಸಿ. ಸೇಫ್ಟಿ ವಾಲ್ವ್ ಇರಲೇಬೇಕು.

ಅಚ್ಚಿಗೆ ಪ್ಲೈವುಡ್ ಹಲಗೆಗಳನ್ನು ಒಂದೇ ಆಕಾರಕ್ಕೆ ಕತ್ತರಿಸಿ ಜೋಡಿಸಿ: ಮುಂತುದಿ ಮೇಲೆದ್ದಿರಲಿ, ನಡುಭಾಗ 5 ಮಿ.ಮೀ. ಉಬ್ಬಿರಲಿ. ತಿರುಳಿಗೆ ನಾನು ಬಿದಿರಿನ ಪಟ್ಟಿಗಳನ್ನು ಅಂಟಿಸಿ, ಪಾದದಡಿ 11 ಮಿ.ಮೀ., ತುದಿಗಳಲ್ಲಿ 2 ಮಿ.ಮೀ. ಉಳಿಯುವಂತೆ ಕೀಸಿದೆ. ಅಡಿಹಾಳೆ ಮತ್ತು ಅಂಚನ್ನು ಹೊರಗಿನಿಂದ ತರಿಸಬೇಕಾಯಿತು. ಅಂಟು ಹಿಡಿಯುವಂತೆ ಒಂದು ಮೈ ಸಂಸ್ಕರಿಸಿದ ಹಾಳೆಯನ್ನೇ ಕೇಳಿ. ಸಾದಾ ಪಾಲಿಥೀನ್‌ಗೆ ಎಪಾಕ್ಸಿ ಅಂಟುವುದಿಲ್ಲ.

ಅಂಟು ಹಚ್ಚುವ ಕೆಲಸ ಬೆಳಗಿನ ಜಾವದ್ದು. ಉಷ್ಣತೆ 10 ಡಿಗ್ರಿ ಏರಿದರೆ ಎಪಾಕ್ಸಿ ಹೆಚ್ಚುಕಡಿಮೆ ದುಪ್ಪಟ್ಟು ವೇಗದಲ್ಲಿ ಗಟ್ಟಿಯಾಗುತ್ತದೆ. ಏಪ್ರಿಲ್ ಮಧ್ಯಾಹ್ನ ನಮ್ಮ ಶೆಡ್‌ನಲ್ಲಿ ಬಕೆಟ್ಟಿನಲ್ಲಿ ಕಲಸಿದ ಅಂಟು ಹೊಗೆಯಾಡತೊಡಗಿತ್ತು. ಅಗಲವಾದ ತಟ್ಟೆಯಲ್ಲಿ, ನಿಧಾನದ ಹಾರ್ಡನರ್ ಬೆರೆಸಿ ಕಲಸಿ. ಕೈಗವಸು, ಮುಖಗವಸು ಮರೆಯಬೇಡಿ. ಅಚ್ಚಿಗೆ ಪಾಲಿಥೀನ್ ಹಾಸಿ, ಪದರಗಳನ್ನು ಜೋಡಿಸಿ, ಮೇಲೂ ಪಾಲಿಥೀನ್ ಹೊದಿಸಿ, ಅಲ್ಯೂಮಿನಿಯಂ ತಗಡು ಇಟ್ಟು, ಪೈಪುಗಳನ್ನು ಇಳಿಸಿ, ಮೇಲಿನ ಗರ್ಡರ್‌ಗಳನ್ನು ಬೋಲ್ಟ್ ಹಾಕಿ ಬಿಗಿಯಿರಿ.

ಒತ್ತಡವನ್ನು ಮೊದಲು 1 ಕೆ.ಜಿ.ಗೆ ಏರಿಸಿ ಹತ್ತು ನಿಮಿಷ ಕಾಯಿರಿ. ಬದಿಗಳಲ್ಲಿ ಅಂಟು ಮಣಿಮಣಿಯಾಗಿ ಹೊರಬಂದ ಮೇಲೆ 3 ಕೆ.ಜಿ.ಗೆ ಒಯ್ಯಿರಿ. ವಾಲ್ವ್ ಮುಚ್ಚಿದರೆ ಕರೆಂಟ್ ಹೋದರೂ ಒತ್ತಡ ಉಳಿಯುತ್ತದೆ. ಆದರೂ ಮುಳ್ಳಿನ ಮೇಲೆ ಕಣ್ಣಿರಲಿ. 24 ಗಂಟೆ ಬಿಡಿ.

ಗಾಳಿಯನ್ನು ಪೂರ್ತಿ ಇಳಿಸಿದ ಮೇಲೆಯೇ ಬೋಲ್ಟ್ ಬಿಚ್ಚಿ. ಉಕ್ಕಿನ ಅಂಚಿನಾಚೆ ಚಾಚಿದ ಹೆಚ್ಚುವರಿ ಭಾಗ ಕತ್ತರಿಸಿ, ಎರಡೂ ಸ್ಕೀಗಳ ಅಡಿಮೈಗಳನ್ನು ಎದುರುಬದುರು ಕೂಡಿಸಿ ಹಿಡಿಯಿರಿ. ತುದಿಗಳ ಬಳಿ ತಾಗಿ, ನಡುವೆ ಕಿರುಬೆರಳು ತೂರುವಷ್ಟು ಸಂದು ಕಾಣಬೇಕು. ಒಂದೇ ಕೈಯಲ್ಲಿ ಹಿಂಡಿದರೆ ಆ ಸಂದು ಮುಚ್ಚಬೇಕು, ಬಿಟ್ಟೊಡನೆ ಮತ್ತೆ ತೆರೆದುಕೊಳ್ಳಬೇಕು.