ರಂಧ್ರದ ಅಳತೆ ಫ್ಲಾಸ್ಕಿನಲ್ಲೇ ನಿರ್ಧಾರ: ಪಾಲಿಮರ್‌ನಿಂದ ನ್ಯಾನೊ ಕಾರ್ಬನ್

ವಿದ್ಯುತ್ತನ್ನು ಬೇಗ ತುಂಬಿಕೊಂಡು ಬೇಗ ಬಿಡುವ ಸಾಧನ ಸೂಪರ್‌ಕೆಪಾಸಿಟರ್. ಅದರ ಎಲೆಕ್ಟ್ರೋಡ್‌ಗೆ ರಂಧ್ರಗಳು ಬರೀ ಹೆಚ್ಚಿದ್ದರೆ ಸಾಲದು, ಒಂದೇ ಅಳತೆಯವೂ ಆಗಿರಬೇಕು. ಇದಕ್ಕೆ ಒಂದು ಚೊಕ್ಕ ದಾರಿಯಿದೆ. ಒಂದೇ ಸರಪಳಿಯಲ್ಲಿ ಎರಡು ಪಾಲಿಮರ್‌ಗಳನ್ನು ಜೋಡಿಸುವುದು. ಪಾಲಿಅಕ್ರಿಲೊನೈಟ್ರೈಲ್, ಅಂದರೆ ಪ್ಯಾನ್, ಕಾದಾಗ ಕಾರ್ಬನ್ ಆಗಿ ಉಳಿಯುತ್ತದೆ. ಪಾಲಿಮೀಥೈಲ್ ಮೆಥಕ್ರಿಲೇಟ್, ಅಂದರೆ ಪಿಎಂಎಂಎ, ಆವಿಯಾಗಿ ರಂಧ್ರ ಬಿಟ್ಟುಹೋಗುತ್ತದೆ. ಅಮೆರಿಕದ ವರ್ಜೀನಿಯಾ ಟೆಕ್‌ನಲ್ಲಿ ಗ್ವೊಲಿಯಾಂಗ್ ಲಿಯು ತಂಡ 2019ರಲ್ಲಿ ಈ ಜೋಡಿಯಿಂದಲೇ ರಂಧ್ರಭರಿತ ಕಾರ್ಬನ್ ನೂಲು ತಯಾರಿಸಿತು. ಸರಪಳಿಯ ಉದ್ದ ಹಿಡಿತದಲ್ಲಿಡಲು ಬಳಸುವ ರಾಫ್ಟ್ ವಿಧಾನ 1998ರಲ್ಲಿ ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒದಿಂದ ಪ್ರಕಟವಾದದ್ದು.

ಇದು ಫ್ಯೂಮ್ ಹುಡ್ (ವಿಷಗಾಳಿ ಹೊರಗೆಳೆಯುವ ಕಪಾಟು) ಇರುವ ಪ್ರಯೋಗಾಲಯದ ಕೆಲಸ, ಮನೆಯದಲ್ಲ. ಅಕ್ರಿಲೊನೈಟ್ರೈಲ್ ವಿಷಕಾರಿ, ಬೇಗ ಹೊತ್ತಿಕೊಳ್ಳುತ್ತದೆ. ಕುಲುಮೆಯಿಂದ ಹೈಡ್ರೋಜನ್ ಸಯನೈಡ್ ಅನಿಲವೂ ಹೊರಬೀಳುತ್ತದೆ.

ಮೊದಲು ಪಿಎಂಎಂಎ. ಕ್ರಮ ತಿರುವುಮುರುವು ಮಾಡಬೇಡಿ: ಮೆಥಕ್ರಿಲೇಟ್ ಸರಪಳಿಯ ತುದಿ ರಾಫ್ಟ್ ಅಣುವಿನಿಂದ ಸುಲಭವಾಗಿ ಬಿಡಿಸಿಕೊಳ್ಳುತ್ತದೆ, ಪ್ಯಾನ್‌ನ ತುದಿ ಅಷ್ಟು ಸುಲಭಕ್ಕೆ ಬಿಡದು. ಸರಪಳಿಯ ಬಿಡಿ ಕೊಂಡಿಗಳಾದ ಮಾನೋಮರ್‌ಗಳೆರಡನ್ನೂ (ಮೀಥೈಲ್ ಮೆಥಕ್ರಿಲೇಟ್ ಅಂದರೆ ಎಂಎಂಎ, ಮತ್ತು ಅಕ್ರಿಲೊನೈಟ್ರೈಲ್) ಕ್ಷಾರೀಯ ಅಲ್ಯೂಮಿನಾ ಕಾಲಂ ಮೂಲಕ ಹಾಯಿಸಿ, ಕ್ರಿಯೆ ತಡೆಯುವ ಇನ್ಹಿಬಿಟರ್ ತೆಗೆಯಿರಿ. 20 ಗ್ರಾಂ ಎಂಎಂಎ, 20 ಮಿಲಿಲೀಟರ್ ಟಾಲ್ವೀನ್, 89 ಮಿಲಿಗ್ರಾಂ 2-ಸಯಾನೊ-2-ಪ್ರೊಪಿಲ್ ಡೈಥಯೊಬೆಂಜೊಯೇಟ್ (ಇದೇ ರಾಫ್ಟ್ ಅಣು), ಕ್ರಿಯೆ ಶುರುಮಾಡುವ ಎಐಬಿಎನ್ 13 ಮಿಲಿಗ್ರಾಂ ಸೇರಿಸಿ. ಹೆಪ್ಪುಗಟ್ಟಿಸಿ, ನಿರ್ವಾತಕ್ಕೊಡ್ಡಿ, ಕರಗಿಸಿ. ಹೀಗೆ ಮೂರು ಸುತ್ತು. ಆಮ್ಲಜನಕ ಉಳಿದರೆ ಕ್ರಿಯೆ ಶುರುವೇ ಆಗದು. ನಂತರ 70 ಡಿಗ್ರಿ ಸೆಲ್ಸಿಯಸ್. ಗಡಿಯಾರ ನಂಬಬೇಡಿ, ಮಾದರಿ ತೆಗೆದು, ಎಷ್ಟು ಮಾನೋಮರ್ ಉಳಿದಿದೆ ಎಂದು ತೋರಿಸುವ ಎನ್‌ಎಂಆರ್ ಪರೀಕ್ಷೆ ನೋಡಿ. ಮಾನೋಮರ್‌ನ 60 ಶೇಕಡ ಮುಗಿದಾಗ ಸರಪಳಿಯ ಅಣುತೂಕ ಸುಮಾರು 30,000 ಆಗಿರುತ್ತದೆ, ಅಲ್ಲಿಗೆ ನಿಲ್ಲಿಸಿ. ಇನ್ನಷ್ಟು ಎಳೆದರೆ ಸತ್ತ ತುದಿಗಳು, ಅಂದರೆ ಮುಂದೆ ಬೆಳೆಯಲಾರದವು, ಹೆಚ್ಚುತ್ತವೆ. ಮೆಥನಾಲ್‌ನಲ್ಲಿ ಎರಡು ಸಲ ಅವಕ್ಷೇಪಿಸಿ ಒಣಗಿಸಿ. ಪುಡಿ ಗುಲಾಬಿ ಬಣ್ಣದ್ದಾಗಿರಬೇಕು. ಬೆಳ್ಳಗಾಗಿದ್ದರೆ ರಾಫ್ಟ್ ತುದಿ ಕಳಚಿಹೋಗಿದೆ, ಮುಂದಿನ ಹಂತಕ್ಕೆ ಬಾರದು.

ಈಗ 3 ಗ್ರಾಂ ಪುಡಿ, 10 ಗ್ರಾಂ ಅಕ್ರಿಲೊನೈಟ್ರೈಲ್, 20 ಮಿಲಿಲೀಟರ್ ಡಿಎಂಎಸ್‌ಒ ದ್ರಾವಕ. ಎಐಬಿಎನ್ 3.3 ಮಿಲಿಗ್ರಾಂ ಸಾಕು. ಅಷ್ಟನ್ನು ತೂಗಲು ಹೋದರೆ ತಪ್ಪುವುದೇ ಹೆಚ್ಚು. 33 ಮಿಲಿಗ್ರಾಂ ಅನ್ನು 10 ಮಿಲಿಲೀಟರ್ ಡಿಎಂಎಸ್‌ಒದಲ್ಲಿ ಕರಗಿಸಿ 1 ಮಿಲಿಲೀಟರ್ ಹಾಕಿ. ನೈಟ್ರೋಜನ್ ಗುಳ್ಳೆ ಬಿಟ್ಟರೆ ಅಕ್ರಿಲೊನೈಟ್ರೈಲ್ ಹಾರಿಹೋಗಿ ಲೆಕ್ಕ ಕೆಡುತ್ತದೆ, ಇಲ್ಲೂ ಹೆಪ್ಪುಗಟ್ಟಿಸುವ ಕ್ರಮವೇ ಸರಿ. 65 ಡಿಗ್ರಿಯಲ್ಲಿ 60 ಶೇಕಡ ತಲುಪಿದರೆ ಪ್ಯಾನ್ ಭಾಗ ಸುಮಾರು 60,000. ಪಿಎಂಎಂಎ ಸರಪಳಿ ಉದ್ದವಾದಷ್ಟೂ ರಂಧ್ರ ದೊಡ್ಡದು. ಅಳತೆ ಬದಲಿಸಬೇಕಾದರೆ ಬದಲಿಸುವ ಜಾಗ ಮೊದಲ ಹಂತವೇ.

ಈ ಜೋಡಿ ಪಾಲಿಮರ್ ಅನ್ನೂ ಹಾಗೆಯೇ ಅವಕ್ಷೇಪಿಸಿ ಒಣಗಿಸಿ. ಡಿಎಂಎಫ್ ದ್ರಾವಕದಲ್ಲಿ ಅದರ 10 ಶೇಕಡ ದ್ರಾವಣ ಮಾಡಿ, ಗಾಜಿನ ಮೇಲೆ ತೆಳುವಾಗಿ ಎರೆದು ನಿಧಾನವಾಗಿ ಒಣಗಿಸಿ. ಎರಡು ಪಾಲಿಮರ್‌ಗಳು ಒಂದಕ್ಕೊಂದು ಬೆರೆಯವು, ಬಂಧ ಬಿಟ್ಟು ದೂರವೂ ಹೋಗಲಾರವು. ಹಾಗಾಗಿ ನ್ಯಾನೊಮೀಟರ್ ಅಳತೆಯಲ್ಲೇ ಬೇರ್ಪಟ್ಟು ನಿಲ್ಲುತ್ತವೆ.

ಹೆಚ್ಚಿನವರು ಎಡವುವುದು ಮುಂದಿನ ಹಂತದಲ್ಲಿ. ಗಾಳಿಯಲ್ಲಿ ನಿಮಿಷಕ್ಕೆ 1 ಡಿಗ್ರಿಯಂತೆ 280ಕ್ಕೆ ಏರಿಸಿ 8 ಗಂಟೆ ಇಡಿ. ಪ್ಯಾನ್ ಉಂಗುರಗಳಾಗಿ ಹೆಣೆದುಕೊಳ್ಳುವಾಗ ತಾನೇ ಶಾಖ ಹೊರಹಾಕುತ್ತದೆ. ಅವಸರಪಟ್ಟರೆ ಫಿಲ್ಮ್ ಮೆತ್ತಗಾಗಿ, ಕಟ್ಟಿದ ರಚನೆಯೆಲ್ಲ ಕಲಸಿಹೋಗುತ್ತದೆ. ಬಿಳಿಚಿದ ಬಣ್ಣ ಹಳದಿ, ಕಂದು ದಾಟಿ ಕಪ್ಪಾಗಬೇಕು. ಒಂದು ಚೂರನ್ನು ಡಿಎಂಎಫ್‌ಗೆ ಹಾಕಿ ನೋಡಿ: ಕರಗಿದರೆ ಅಥವಾ ದ್ರವಕ್ಕೆ ಬಣ್ಣ ಬಿಟ್ಟರೆ ಇನ್ನೂ ಆಗಿಲ್ಲ. ಇನ್ಫ್ರಾರೆಡ್ (ಐಆರ್) ರೋಹಿತದಲ್ಲಿ 2240 cm⁻¹ನ ನೈಟ್ರೈಲ್ ಗೆರೆ ಚೆನ್ನಾಗಿ ತಗ್ಗಿರಬೇಕು.

ಆಮೇಲೆ ನೈಟ್ರೋಜನ್‌ನಲ್ಲಿ 800 ಡಿಗ್ರಿ, ಒಂದು ಗಂಟೆ. ಎರಡೂ ಕುಲುಮೆ ಹಂತಗಳಲ್ಲಿ ಹೊರಬರುವ ಅನಿಲವನ್ನು ಕ್ಷಾರದ ಬಾಟಲಿಗಳ ಮೂಲಕವೇ ಹಾಯಿಸಿ. ತಣಿಯುವಾಗ ದ್ರವ ಹಿಂದಕ್ಕೆ ಸೆಳೆಯದಂತೆ ನಡುವೆ ಖಾಲಿ ಬಾಟಲಿ ಇರಲಿ.

ಕೊನೆಗೆ ರಂಧ್ರಗಳನ್ನು ಅಳೆಯಲು ನೈಟ್ರೋಜನ್ ಹೀರುವಿಕೆಯ ಪರೀಕ್ಷೆ. ರಂಧ್ರಗಳೇ ಇಲ್ಲದೆ ಫಿಲ್ಮ್ ಹೊಳೆಯುತ್ತಿದ್ದರೆ ದೋಷ 280ರ ಹಂತದ್ದು. ರಂಧ್ರಗಳ ಗಾತ್ರ ಚೆಲ್ಲಾಪಿಲ್ಲಿಯಾಗಿದ್ದರೆ ಕುಲುಮೆಗೆ ಹಾಕುವ ಮುಂಚಿನ ಜೋಡಿ ಪಾಲಿಮರ್‌ನ ಜಿಪಿಸಿ ರೇಖೆ (ಸರಪಳಿಗಳನ್ನು ಗಾತ್ರದಂತೆ ಬೇರ್ಪಡಿಸಿ ತೋರಿಸುವುದು) ತೆಗೆದು ನೋಡಿ. ಪಿಎಂಎಂಎ ಇದ್ದ ಜಾಗದಲ್ಲಿ ಇನ್ನೂ ಒಂದು ಉಬ್ಬು ಕಂಡರೆ ಸತ್ತ ಸರಪಳಿಗಳು ಒಂದೆಡೆ ಗುಂಪುಗೂಡಿ ದೊಡ್ಡ ತೂತು ಮಾಡಿವೆ. ಮೊದಲ ಹಂತವನ್ನು 60ರ ಬದಲು 40 ಶೇಕಡಕ್ಕೇ ನಿಲ್ಲಿಸಿ ಹೊಸದಾಗಿ ಮಾಡಿ.