ಕೋಲೆಬಸವನಂತೆ ತಲೆಯಾಡಿಸುತ್ತಿದ್ದ ಜಿಪ್ಸಿ

ವೇಗ ಐವತ್ತು ದಾಟಿ ಮುಂದಿನ ಒಂದು ಚಕ್ರ ಗುಂಡಿಗೆ ಬಿದ್ದರೆ ಸಾಕು, ಸ್ಟಿಯರಿಂಗ್ ಕೋಲೆಬಸವನಂತೆ ತಲೆಯಾಡಿಸಲು ಶುರು ಮಾಡುತ್ತಿತ್ತು. ಬ್ರೇಕ್ ಒತ್ತಿ ಗಾಡಿಯನ್ನು ನಡಿಗೆಯ ವೇಗಕ್ಕೆ ತರುವವರೆಗೂ ನಿಲ್ಲುತ್ತಿರಲಿಲ್ಲ. ನಮ್ಮದು 1999ರ ಜಿಪ್ಸಿ ಕಿಂಗ್, ಮಾರುತಿಯ ಜೀಪು. ಸಕಲೇಶಪುರದ ತೋಟದಲ್ಲಿ ಗೊಬ್ಬರ, ಪಂಪ್‌ಸೆಟ್ಟು, ಒಮ್ಮೆ ಕಾಲು ಮುರಿದ ಕರುವನ್ನೂ ಹೊತ್ತ ಗಾಡಿ.

ಗ್ಯಾರೇಜಿನಲ್ಲಿ ಚಕ್ರಗಳ ಬ್ಯಾಲೆನ್ಸಿಂಗ್ ಆಯಿತು, ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡ್‌ನ ತುದಿಗಳು ಬದಲಾದವು, ಕೊನೆಗೆ ಸ್ಟಿಯರಿಂಗ್ ಅದುರದಂತೆ ತಡೆಯುವ ಹೊಸ ಡ್ಯಾಂಪರ್ ಬಂತು. ಅದರ ದಯೆಯಿಂದ ಎರಡು ತಿಂಗಳು ನೆಮ್ಮದಿ. ಆಮೇಲೆ ಮತ್ತೆ ಅದೇ ಕುಣಿತ.

ಮಳೆ ಬಿಟ್ಟ ಒಂದು ಭಾನುವಾರ ಮುಂಭಾಗವನ್ನು ಜಾಕಿಯಲ್ಲಿ ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಟ್ಟು, ಎಡಚಕ್ರದ ಮೇಲ್ತುದಿ, ಕೆಳತುದಿ ಹಿಡಿದು ಅಲುಗಿಸಿದೆ. ಟಕ್ ಟಕ್ ಎಂದಿತು. ಮಗನಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಿಸಿದೆ. ಸಡಿಲ ಹಾಗೆಯೇ ಇತ್ತು. ಸವೆದದ್ದು ವೀಲ್ ಬೇರಿಂಗ್ ಆಗಿದ್ದರೆ ಬ್ರೇಕ್ ಹಿಡಿದಾಗ ಈ ಆಟ ಅಡಗಬೇಕಿತ್ತು. ಅಡಗಲಿಲ್ಲವೆಂದರೆ ಸವೆದದ್ದು ಕಿಂಗ್ ಪಿನ್ ಬೇರಿಂಗ್, ಅಂದರೆ ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ಎಡಬಲಕ್ಕೆ ಹೊರಳಲು ಆಧಾರವಾದ ಮೇಲಿನ, ಕೆಳಗಿನ ಪಿನ್‌ಗಳ ಬೇರಿಂಗ್. ಹತ್ತು ನಿಮಿಷದ ಈ ಪರೀಕ್ಷೆಯನ್ನು ಅಲ್ಲಿಯವರೆಗೆ ಯಾರೂ ಮಾಡಿರಲಿಲ್ಲ, ನಾನೂ ಸೇರಿದಂತೆ.

ಬಿಚ್ಚುವುದು ಕಷ್ಟದ್ದಲ್ಲ, ಕೊಳಕು ಕೆಲಸ. ಬ್ರೇಕ್ ಕ್ಯಾಲಿಪರನ್ನು ಹೋಸಿನ ಮೇಲೆ ಭಾರ ಬೀಳದಂತೆ ತಂತಿಯಲ್ಲಿ ಕಟ್ಟಿ ತೂಗುಹಾಕಿದೆ. ಹಬ್, ಸ್ಪಿಂಡಲ್, ಆಕ್ಸಲ್ ಶಾಫ್ಟ್ ಒಂದೊಂದಾಗಿ ಹೊರಬಂದವು. ಆ ಪಿನ್‌ಗಳ ಮೇಲೆ ಹೊರಳುವ ಕಬ್ಬಿಣದ ಗೂಡು ನಕಲ್. ಅದರ ಒಳಗೆ ಗ್ರೀಸ್ ಬದಲು ಕರಿ ಗಂಜಿ ಇತ್ತು: ಒಳಸೀಲ್ ಹರಿದು ಆಕ್ಸಲ್‌ನ ಗೇರುಗಳ (ಡಿಫರೆನ್ಷಿಯಲ್) ಆಯಿಲ್ ಬಂದು ಬೆರೆತಿತ್ತು. ಮೇಲಿನ ಪಿನ್ ಯಾವುದು, ಕೆಳಗಿನದು ಯಾವುದು ಎಂದು ಗುರುತು ಹಾಕಿ, ಅವುಗಳ ಶಿಮ್‌ಗಳನ್ನು, ಅಂದರೆ ಅಡಿಗಿಡುವ ತೆಳು ತಗಡುಗಳನ್ನು, ಬೇರೆ ಬೇರೆ ಡಬ್ಬಿಯಲ್ಲಿಟ್ಟೆ. ಕೆಳಗಿನ ಬೇರಿಂಗಿಗೆ ತುಕ್ಕು ಹಿಡಿದಿತ್ತು. ಅದರ ಕಪ್‌ನಲ್ಲಿ, ಅಂದರೆ ಹೊರಬಳೆಯಲ್ಲಿ, ರೋಲರ್‌ಗಳು ಸಾಲಾಗಿ ಹಳ್ಳ ಕೊರೆದಿದ್ದವು. ಗಾಡಿ ಹೆಚ್ಚು ಹೊತ್ತು ನೇರವಾಗಿಯೇ ಓಡುವುದರಿಂದ ರೋಲರ್‌ಗಳು ಒಂದೇ ಜಾಗದಲ್ಲಿ ಗುದ್ದುತ್ತಿರುತ್ತವೆ. ಹಳೆಯ ಕಪ್‌ಗಳನ್ನು ಹಿತ್ತಾಳೆ ಕಂಬಿಯಿಂದ ಸುತ್ತಲೂ ಸಮನಾಗಿ ಬಡಿದು ತೆಗೆದೆ.

ಹೊಸ ಬೇರಿಂಗ್ ಕೂರಿಸಿ ಬೋಲ್ಟ್ ಬಿಗಿದರೆ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಬಿಗಿತವನ್ನು ಅಳೆಯಬೇಕು. ನಕಲ್‌ನ ಹಿಂಬದಿಯ ಸೀಲ್ ಹಾಕುವ ಮೊದಲು, ಟೈ ರಾಡ್ ಬಿಚ್ಚಿರುವಾಗಲೇ, ಟೈ ರಾಡ್ ಕೂರುವ ತೂತಿಗೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆಯಬೇಕು. ನಕಲ್ ತಿರುಗಲು ಆರಂಭಿಸುವಾಗ ತಕ್ಕಡಿ 1ರಿಂದ 1.8 ಕೆ.ಜಿ. ತೋರಿಸಬೇಕು. ಮೆಣಸು ತೂಗುವ ನಮ್ಮ ಕೊಕ್ಕೆ ತಕ್ಕಡಿ 700 ಗ್ರಾಂ ತೋರಿಸಿತು. 0.1 ಮಿ.ಮೀ. ದಪ್ಪದ ಒಂದು ಶಿಮ್ ತೆಗೆದೆ, ಪಿನ್ ಅಷ್ಟು ಒಳಗಿಳಿಯಿತು. ಈಗ 1.4. ಗ್ರೀಸ್ ಮೆತ್ತಿದ ತಕ್ಕಡಿಯನ್ನು ಕಂಡು ಅಮ್ಮ, "ಇನ್ನು ಇದರಲ್ಲಿ ಗಾಡಿಯನ್ನೇ ತೂಗಿಕೋ" ಎಂದು ಹೊಸದಕ್ಕೆ ದುಡ್ಡು ಕೇಳಿದರು.

ಬಲಬದಿಗೆ ಮುಂದಿನ ಭಾನುವಾರ ಹಿಡಿಯಿತು. ಅದೇ ಗುಂಡಿಯ ಮೇಲೆ ಅರವತ್ತರಲ್ಲಿ ಬೇಕೆಂದೇ ಓಡಿಸಿದೆ. ಸ್ಟಿಯರಿಂಗ್ ಒಮ್ಮೆ ಅದುರಿ ಸುಮ್ಮನಾಯಿತು. ಆದರೆ ಬಲಗಡೆ ಶಾಫ್ಟನ್ನು ಮತ್ತೆ ಒಳಗೆ ತೂರಿಸುವಾಗ ಅದರ ಭಾರವನ್ನು ಕೈಯಲ್ಲಿ ಹಿಡಿಯದೆ ಹೊಸ ಸೀಲಿನ ತುಟಿಯ ಮೇಲೆ ಎಳೆದಿದ್ದೆ. ಶೆಡ್ಡಿನ ನೆಲದ ಮೇಲೆ ದಿನಕ್ಕೆ ಎರಡು ಹನಿ ಆಯಿಲ್ ಬೀಳುತ್ತಿದೆ.