ಷೆಂಗೆನ್ ದೇಶಗಳಲ್ಲಿ ನಡೆಯುವ ಸಮ್ಮೇಳನಕ್ಕೆ ಹೊರಡುವ ಮುನ್ನ

ಸಮ್ಮೇಳನದಲ್ಲಿ ಪ್ರಬಂಧ ಮಂಡಿಸಲು ಒಪ್ಪಿಗೆ ದೊರೆತ ಕೂಡಲೇ ಮೊದಲು ಪಾಸ್‌ಪೋರ್ಟನ್ನು ತೆರೆದು ನೋಡಬೇಕು. ಅದನ್ನು ಕಳೆದ 10 ವರ್ಷಗಳೊಳಗೆ ನೀಡಿರಬೇಕು, ಷೆಂಗೆನ್ ಪ್ರದೇಶದಿಂದ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನಿಂದ, ಹೊರಡುವ ದಿನದ ನಂತರವೂ ಕನಿಷ್ಠ 3 ತಿಂಗಳು ಅದಕ್ಕೆ ಮಾನ್ಯತೆ ಇರಬೇಕು ಮತ್ತು ಅದರಲ್ಲಿ 2 ಖಾಲಿ ಪುಟಗಳು ಉಳಿದಿರಬೇಕು.

ವೀಸಾ ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಸಲ್ಲಿಸಬಹುದು. 15 ದಿನ ಮೊದಲು ಎಂಬುದು ಕೊನೆಯ ಗಡುವು. ಪರಿಶೀಲನೆ 45 ದಿನಗಳವರೆಗೂ ಎಳೆಯಬಹುದಾದ್ದರಿಂದ ಆ ಗಡುವನ್ನು ನೆಚ್ಚಿಕೊಳ್ಳುವುದು ಸರಿಯಲ್ಲ. ಒಂದಕ್ಕಿಂತ ಹೆಚ್ಚು ದೇಶಗಳಿಗೆ ಹೋಗುವವರು ಪ್ರಯಾಣದ ಮುಖ್ಯ ಉದ್ದೇಶವಿರುವ, ಇಲ್ಲವೇ ಹೆಚ್ಚು ದಿನ ತಂಗುವ ದೇಶಕ್ಕೇ ಅರ್ಜಿ ಸಲ್ಲಿಸಬೇಕು.

ಎಲ್ಲಕ್ಕಿಂತ ಹೆಚ್ಚಿನ ಗಮನ ಬೇಡುವುದು ಆಹ್ವಾನಪತ್ರ. ಹೆಸರಿನ ಮೊದಲಕ್ಷರಗಳು ಪಾಸ್‌ಪೋರ್ಟಿನಲ್ಲಿ ವಿಸ್ತರಿಸಿ ಬರೆಯಲ್ಪಟ್ಟಿದ್ದರೆ ಪತ್ರದಲ್ಲೂ ಹಾಗೆಯೇ ಇರುವಂತೆ ಸಂಘಟಕರನ್ನು ಕೇಳಿಕೊಳ್ಳಿ. ಸಮ್ಮೇಳನದ ದಿನಾಂಕ, ಸ್ಥಳ, ನಿಮ್ಮ ಪಾತ್ರ ಹಾಗೂ ವೆಚ್ಚವನ್ನು ಯಾರು ಭರಿಸುತ್ತಾರೆ ಎಂಬುದು ಅದರಲ್ಲಿ ಸ್ಪಷ್ಟವಾಗಿರಲಿ. ಸಂಘಟಕರು ವಸತಿಯನ್ನಷ್ಟೇ ನೀಡುತ್ತಿದ್ದರೆ ಉಳಿದ ಖರ್ಚಿಗೆ ನಿಮ್ಮ ಬ್ಯಾಂಕ್ ದಾಖಲೆಯನ್ನೋ ಸಂಸ್ಥೆಯ ಪತ್ರವನ್ನೋ ಜೋಡಿಸಬೇಕಾಗುತ್ತದೆ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ.

ವೀಸಾ ಕೈಸೇರಿದಾಗ ಅದರಲ್ಲಿ ನಮೂದಾದ ದಿನಗಳ ಸಂಖ್ಯೆಯನ್ನು ಓದಿಕೊಳ್ಳಿ, ಏಕೆಂದರೆ ಮಾನ್ಯತೆಯ ಅವಧಿ ಉದ್ದವಿದ್ದರೂ ತಂಗಲು ಅನುಮತಿಯಿರುವ ದಿನಗಳು ಕಡಿಮೆ ಇರಬಹುದು. ಬಂದಿಳಿದ ದಿನವೂ ಹೊರಡುವ ದಿನವೂ ಆ ಲೆಕ್ಕಕ್ಕೆ ಸೇರುತ್ತವೆ. ಆಹ್ವಾನಪತ್ರ, ವಿಮೆ, ವಸತಿ ಮತ್ತು ಹಿಂದಿರುಗುವ ಟಿಕೆಟ್‌ನ ಮುದ್ರಿತ ಪ್ರತಿಗಳನ್ನು ಕೈಚೀಲದಲ್ಲೇ ಇರಿಸಿಕೊಳ್ಳಿ. ವೀಸಾ ಇದ್ದರೂ ಗಡಿಯ ಅಧಿಕಾರಿಗಳು ಅವನ್ನು ಕೇಳಬಹುದು.